ಸೆಮಿಕೋಲನ್ನಿಗೊಂದು ಚಪ್ಪಾಳೆ

ಮೊನ್ನೆ ಎದುರು ಫ್ಲ್ಯಾಟಿನ ನಾಗವೇಣಿ ಈ ಬೇಸಿಗೆಗೆ ಮೊದಲ ಸಲ ಕೂಲರ್ ಹಚ್ಚಿದ್ದಳು. ಬಾಗಿಲು ತೆಗೆದದ್ದೇ ತಡ, ನೆನೆದ ಲಾವಂಚದ ವಾಸನೆ ಮುಖಕ್ಕೆ ಬಡಿಯಿತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ವಿಶಾಖಪಟ್ಟಣದ ಈ ಗಾಜುವಾಕದಲ್ಲಿ ಕೂಲರ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಸಮುದ್ರದ ಗಾಳಿಯೇ ಒದ್ದೆ, ಅದಕ್ಕೆ ಇನ್ನಷ್ಟು ನೀರು ಸೇರಿಸಿದರೆ ಮೈ ಅಂಟಂಟಾಗುತ್ತದೆಯೇ ಹೊರತು ತಣ್ಣಗಾಗುವುದಿಲ್ಲ. ಬಳ್ಳಾರಿಯಿಂದ ಬಂದು ಇನ್ನೂ ವರ್ಷ ತುಂಬದ ಅವಳಿಗೆ ಇದನ್ನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು.

“ಅಕ್ಕಾ, ನಮ್ಮ ಹುಡುಗ ಎಂಟನೇ ಕ್ಲಾಸಿಗೆ ಬಂದ. ಕೋಡಿಂಗ್ ಕಲಿಸಬೇಕು ಅಂತಿದೀವಿ. ಮೊದಲು ಯಾವ ಲ್ಯಾಂಗ್ವೇಜ್ ಹಾಕ್ಲಿ? ಒಬ್ಬೊಬ್ರು ಒಂದೊಂದು ಹೇಳ್ತಾರೆ.”

ಆ ವಾಸನೆ, ಈ ಪ್ರಶ್ನೆ ಎರಡೂ ಒಟ್ಟಿಗೆ ಬಂದದ್ದು ಪಾಪ ಅವಳ ತಪ್ಪಲ್ಲ. ಆದರೆ ನನಗೆ ಅಲ್ಲೇ ರಕ್ತ ಬಿಸಿಯಾಯಿತು. ಮೂರು ವರ್ಷ ಕಳೆದಿದೆ, ಆ ಮೇ ತಿಂಗಳ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಆ ಬೇಸಿಗೆಗೆ ನನ್ನ ಮಗಳಿಗೆ ಹದಿಮೂರು. ಹೆಸರು ಸಾಹಿತಿ. ಇಲ್ಲಿ ಹೆಣ್ಣುಮಕ್ಕಳಿಗೆ ಈ ಹೆಸರಿಡುವುದು ಮಾಮೂಲು. ಹುಬ್ಬಳ್ಳಿಗೆ ಹೋದಾಗ ಮಾತ್ರ ನಮ್ಮ ಕಾಕಾ “ಏನವ್ವಾ ಸಾಹಿತಿ, ಎಷ್ಟು ಪುಸ್ತಕ ಬರದೀ?” ಎಂದು ಕಾಡುತ್ತಾರೆ. ನಾನು ಔಷಧ ಕಂಪನಿಯೊಂದರ ಲ್ಯಾಬ್ ಕೆಲಸಕ್ಕೆಂದು ಹುಬ್ಬಳ್ಳಿಯಿಂದ ವಿಶಾಖಪಟ್ಟಣಕ್ಕೆ ಬಂದವಳು. ಎರಡು ವರ್ಷ ಇದ್ದು ವಾಪಸ್ ಬರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಆಮೇಲೆ ಪ್ರಸಾದ್ ಸಿಕ್ಕರು, ಮದುವೆಯಾಯಿತು, ಮಾತು ಅಲ್ಲೇ ಉಳಿಯಿತು. ಪ್ರಸಾದ್ ಗಾಜುವಾಕದ ಹತ್ತಿರದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಅವರ ಅಮ್ಮ ಮತ್ತು ಅಣ್ಣ ಇರುವುದು ವಿಜಯವಾಡದ ಪಟಮಟದಲ್ಲಿ.

ಅಣ್ಣನ ಹೆಸರು ಮೂರ್ತಿ. ನನಗೆ ಬಾವ, ಸಾಹಿತಿಗೆ ಪೆದ್ದನಾನ್ನ, ಅಂದರೆ ದೊಡ್ಡಪ್ಪ. ಮನೆಯ ಮಾಳಿಗೆಯ ಮೇಲೆ ತಗಡಿನ ಚಪ್ಪರ ಹಾಕಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಾರೆ. ಆ ಬೀದಿಯಲ್ಲಿ ಅವರಿಗೆ ತುಂಬ ಹೆಸರಿದೆ. ಬಸ್ಸಿಳಿದು ‘ಕಂಪ್ಯೂಟರ್ ಮೇಷ್ಟ್ರ ಮನೆ’ ಅಂದರೆ ಎಳನೀರಿನವನೂ ದಾರಿ ತೋರಿಸುತ್ತಾನೆ. ಸಾಹಿತಿ ಏಳನೇ ಕ್ಲಾಸು ಮುಗಿಸುವ ಹೊತ್ತಿಗೆ ಬಾವ ಒಂದು ತೀರ್ಮಾನ ಮಾಡಿಟ್ಟಿದ್ದರು. ಅವರಿಗೆ ಪರಿಚಯವಿದ್ದ ವಸತಿ ಶಾಲೆಯೊಂದರಲ್ಲಿ ‘ಫೌಂಡೇಶನ್ ಬ್ಯಾಚ್’ ಇದೆ. ಎಂಟನೇ ಕ್ಲಾಸಿನಿಂದಲೇ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ತಯಾರಿ. ಬೆಳಕು ಹರಿಯುವ ಮೊದಲೇ ಗಂಟೆ, ತಿಂಗಳಿಗೊಂದು ಭಾನುವಾರ ಅಪ್ಪ ಅಮ್ಮನ ಮುಖ. ಅಲ್ಲಿಗೆ ಸೇರಲು ಜೂನಿನಲ್ಲೊಂದು ಪರೀಕ್ಷೆ, ಅದರಲ್ಲೊಂದು ಕಂಪ್ಯೂಟರ್ ಪೇಪರ್. ಬೇಸಿಗೆ ರಜೆಗೆ ಮಗುವನ್ನು ಕಳಿಸಿ, ಸಿ ಕಲಿಸಿ ಪಾಸು ಮಾಡಿಸುವ ಜವಾಬ್ದಾರಿ ನನ್ನದು ಎಂದರು ಬಾವ.

ಸಿ ಅಂದರೆ ಸಿ ಪ್ರೋಗ್ರಾಮಿಂಗ್ ಭಾಷೆ. ಆಗ ಹತ್ತಿಕೊಂಡಿತು ನೋಡಿ ಫೋನಿನಲ್ಲಿ ಚರ್ಚೆ. ಬಾವನಿಗೆ ಸಿ, ಯಾಕೆಂದರೆ ಅದು ಎಲ್ಲದಕ್ಕೂ ಬುನಾದಿ. ಪ್ರಸಾದ್‌ಗೆ ಜಾವಾ, ಯಾಕೆಂದರೆ ಅವರ ಗೆಳೆಯನ ಮಗನಿಗೆ ಅದರಿಂದ ಕೆಲಸ ಸಿಕ್ಕಿತು. ನನಗೆ ಪೈಥಾನ್, ಯಾಕೆಂದರೆ ಲ್ಯಾಬಿನ ಅಂಕಿಅಂಶ ಜೋಡಿಸಲು ನಾನೇ ಅದನ್ನು ಅಷ್ಟಿಷ್ಟು ಕಲಿತಿದ್ದೆ, ಓದಿದರೆ ಅರ್ಥವಾಗುತ್ತದೆ, ಒಂದೊಂದು ಸಾಲಿಗೂ ಆಗಲೇ ಉತ್ತರ ಕೊಡುತ್ತದೆ. ಸಾಹಿತಿಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಆಗ ಶಾಲೆಯ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಎಂಬುದರಲ್ಲಿ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಅಂಟಿಸಿ ಷೇರ್ ಆಟೋ ಓಡಿಸುತ್ತಿದ್ದಳು. ಗಾಜುವಾಕದಿಂದ ಹೊರಡುವ ಆಟೋ, ಒಳಗೆ ಹಿಡಿಸಲಾರದಷ್ಟು ಜನ, ಸಿಗ್ನಲ್ಲಿನಲ್ಲಿ ನಿಲ್ಲದೆ ಎಮ್ಮೆಗೆ ಗುದ್ದುತ್ತದೆ, ಎಮ್ಮೆ ಹಾರ್ನ್ ಹೊಡೆಯುತ್ತದೆ. ಎಮ್ಮೆ ಯಾಕೆ ಹಾರ್ನ್ ಹೊಡೆಯುತ್ತದೆಂದು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾವ ಅದನ್ನು ವಿಡಿಯೋ ಕಾಲ್‌ನಲ್ಲಿ ನೋಡಿ, “ಇದು ಬೊಮ್ಮಲಾಟ, ಲ್ಯಾಂಗ್ವೇಜ್ ಅಲ್ಲ” ಎಂದರು. ಅವಳು ಅಂದಿನಿಂದ ಆಟೋ ತೋರಿಸುವುದನ್ನು ಬಿಟ್ಟಳು.

ಅವಳಿಗಿನ್ನೂ ಮಾತು ಬರುವ ಮುಂಚೆಯೂ ಆ ಮನೆಯಲ್ಲಿ ಹೀಗೇ ಒಂದು ತೀರ್ಮಾನವಾಗಿತ್ತು. ಎರಡು ಭಾಷೆ ಕೇಳಿದರೆ ಮಗು ಗೊಂದಲ ಮಾಡಿಕೊಳ್ಳುತ್ತದೆ, ತೆಲುಗು ಒಂದೇ ಸಾಕು ಅಂತ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ನಾನ ಮಾಡಿಸುವಾಗ, ತುತ್ತು ತಿನ್ನಿಸುವಾಗ ಹುಬ್ಬಳ್ಳಿ ಕನ್ನಡದಲ್ಲೇ ಮಾತಾಡಿದೆ. ಅವಳ ಕನ್ನಡ ಇಂದಿಗೂ ಅರ್ಧ ತೆಲುಗೇ, ಸಿಟ್ಟು ಬಂದರಂತೂ ಪೂರಾ ತೆಲುಗು. ಆದರೂ ಇದೆಯಲ್ಲ, ಅಷ್ಟು ಸಾಕು ನನಗೆ.

ಆ ಮೇ ತಿಂಗಳಲ್ಲಿ ನಾನೂ ರಜೆ ಹಾಕಿ ಜೊತೆಗೆ ಹೋದೆ. ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಒಲೆ, ಖಾರದ ಪುಡಿ ಎರಡರ ಹತ್ತಿರವೂ ಸುಳಿಯಬಾರದೆಂದು ಡಾಕ್ಟರ್ ಹೇಳಿದ್ದರು. ಅದು ಆವಕಾಯ, ಅಂದರೆ ಸಾಸಿವೆ ಪುಡಿಯ ಮಾವಿನ ಉಪ್ಪಿನಕಾಯಿ, ಹಾಕುವ ತಿಂಗಳು. ಆವಕಾಯ ಹಾಕದ ಬೇಸಿಗೆಯನ್ನು ಅತ್ತೆ ಬೇಸಿಗೆಯೆಂದೇ ಒಪ್ಪುವವರಲ್ಲ. ಕೈ ನನ್ನದು, ನಾಲಿಗೆ ಅವರದು ಎಂದು ಒಪ್ಪಂದವಾಯಿತು.

ವಿಜಯವಾಡದ ಬಿಸಿಲನ್ನು ನಾನು ವಿವರಿಸಲು ಹೋಗುವುದಿಲ್ಲ. ನಲ್ಲಿಯಲ್ಲಿ ಬಿಸಿನೀರೇ ಬರುತ್ತಿತ್ತು. ಹತ್ತು ಗಂಟೆಯ ಮೇಲೆ ಬೀದಿಯಲ್ಲಿ ನಾಯಿಯೂ ಇಲ್ಲ. ಕೂಲರಿನ ಲಾವಂಚದ ಚಾಪೆ ನೆನೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಒಪ್ಪಂದವಿದ್ದಂತಿತ್ತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತು, ಬೀಸಣಿಗೆಯಿಂದ ಇಬ್ರಾಹಿಂಪಟ್ನಂ ದಿಕ್ಕಿಗೆ ತೋರಿಸಿ ಬಯ್ಯುತ್ತಿದ್ದರು. “ಪಕ್ಕದಲ್ಲೇ ಅಷ್ಟು ದೊಡ್ಡ ಪವರ್ ಹೌಸ್ ಇಟ್ಟುಕೊಂಡು ನಮಗೆ ಈ ಗತಿ. ಹೊಗೆ ನಮಗೆ, ಕರೆಂಟು ಊರವರಿಗೆ.” ಆ ಮನೆಯಲ್ಲಿ ಮಾತೆಲ್ಲ ತೆಲುಗಿನಲ್ಲೇ. ನಾನಿಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಬಯ್ಗುಳದ ರುಚಿ ಅರ್ಧ ಹೋಗಿದೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾಳಿಗೆಯ ಮೇಲೆ ಪಾಠ. ಕೆಳಗೆ ಅಡುಗೆಮನೆಗೆ ಎಲ್ಲ ಕೇಳಿಸುತ್ತಿತ್ತು. ಕಂಪ್ಯೂಟರಿನ ಪಾಠದಲ್ಲಿ ಕೇಳಿಸುವುದೇನಿರುತ್ತದೆ ಅನ್ನಬೇಡಿ. ಬಾವ ಪ್ರೋಗ್ರಾಮನ್ನು ಬಾಯಿಪಾಠ ಮಾಡಿಸುತ್ತಿದ್ದರು. ಮಕ್ಕಳು ಮಗ್ಗಿ ಹೇಳುವ ರಾಗದಲ್ಲೇ “ಇಂಟ್ ಏ ಕಾಮಾ ಬೀ” ಎಂದು ಎಳೆದು, ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ “ಸೆಮಿಕೋಲನ್!” ಎಂದು ಕೂಗಿ ಒಂದು ಚಪ್ಪಾಳೆ ತಟ್ಟಬೇಕು. ಸಿ ಭಾಷೆಯಲ್ಲಿ ಒಂದೊಂದು ಹೇಳಿಕೆಯ ಕೊನೆಗೂ ಆ ಚಿಹ್ನೆ ಬೇಕು, ಒಂದು ಬಿಟ್ಟರೂ ಪ್ರೋಗ್ರಾಮ್ ಓಡುವುದಿಲ್ಲ. ಮರೆಯಬಾರದೆಂದು ಬಾವ ಕಂಡುಕೊಂಡ ಉಪಾಯ ಈ ಚಪ್ಪಾಳೆ. ಆಮೇಲೆ ಅದೇ ಪ್ರೋಗ್ರಾಮನ್ನು ಕಾಗದದ ಮೇಲೆ ಶಾಯಿಯಲ್ಲಿ ಬರೆಯಬೇಕು. ಒಂದು ಸೆಮಿಕೋಲನ್ ಬಿಟ್ಟಿದ್ದರೆ, ಒಂದು ಅಕ್ಷರ ತಿದ್ದಿದ್ದರೆ, ಕೆಂಪು ಗೀಟು. ಮತ್ತೆ ಮೊದಲಿನಿಂದ. ಗೋಡೆಗೆ ಸಾಲಾಗಿ ಕಂಪ್ಯೂಟರುಗಳಿದ್ದವು, ಹೂವಿನ ಬಟ್ಟೆ ಹೊದ್ದುಕೊಂಡು ಮಲಗಿದ್ದವು. ತಪ್ಪಿಲ್ಲದೆ ಬರೆದವರಿಗೆ ಮಾತ್ರ ಆ ಬಟ್ಟೆ ಸರಿಯುತ್ತಿತ್ತು.

ಬಾವ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ದಿನಾ ಸಂಜೆ ಸಾಹಿತಿಗೆಂದೇ ತಾಟಿನುಂಗು ತರುತ್ತಿದ್ದರು, ತಾವೇ ಕೂತು ಸುಲಿದು ಕೊಡುತ್ತಿದ್ದರು. ಅವರು ಕಲಿತ ಕಾಲದಲ್ಲಿ ಕಾಲೇಜಿಗೆಲ್ಲ ಸೇರಿ ಕೈಬೆರಳೆಣಿಕೆಯ ಕಂಪ್ಯೂಟರು. ವಾರಕ್ಕೊಮ್ಮೆ ಸರದಿ. ಕಾಗದದ ಮೇಲೆ ಗಟ್ಟಿ ಮಾಡಿಕೊಂಡು ಹೋಗಬೇಕು, ಅಲ್ಲಿ ತಪ್ಪಾದರೆ ಮುಂದಿನ ವಾರವೇ ಗತಿ. ಹಾಗೆ ಕಲಿತು ಗೆದ್ದು ಬಂದ ಮನುಷ್ಯ. ಈಗ ಕಂಪ್ಯೂಟರುಗಳು ಮನೆಯಲ್ಲೇ ಬಟ್ಟೆ ಹೊದ್ದು ಬಿದ್ದಿದ್ದರೂ, ಇನ್ನೂ ಸರದಿ ಕಾಯುವ ಹುಡುಗನಂತೆಯೇ ಪಾಠ ಹೇಳುತ್ತಿದ್ದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅದನ್ನು ನನ್ನ ಮಗಳೂ ಯಾಕೆ ಪಡಬೇಕು ಅನ್ನುವುದು ಮಾತ್ರ ಅರ್ಥವಾಗಲಿಲ್ಲ.

ದಿನ ಕಳೆದಂತೆ ಸಾಹಿತಿ ಕುಗ್ಗುತ್ತಾ ಬಂದಳು. ಮೊದಲು ಎಮ್ಮೆ ಹೋಯಿತು, ಆಮೇಲೆ ನಗು ಹೋಯಿತು, ಆಮೇಲೆ ಪ್ರಶ್ನೆ ಕೇಳುವುದು ಹೋಯಿತು. ಊಟಕ್ಕೆ ಕೂತಾಗ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಏನೋ ಬರೆಯುತ್ತಾ ಬಾಯಲ್ಲೇ ಗುನುಗುತ್ತಿದ್ದಳು. ಒಂದು ಮಧ್ಯಾಹ್ನ ಬಾವನಿಗೇ ಪಾಪ ಅನ್ನಿಸಿರಬೇಕು. ಅವಳನ್ನು ಕರೆದು, ಒಂದು ಕಂಪ್ಯೂಟರಿನ ಬಟ್ಟೆ ತೆಗೆದು, “ಹೋಗಮ್ಮಾ, ನಿನಗೆ ಬೇಕಾದ್ದು ಮಾಡು” ಎಂದು ಬಿಟ್ಟು ಹೋದರು. ನಾನು ಒಣಹಾಕಿದ ಸಾಸಿವೆ ತರಲು ಮೇಲೆ ಹೋದಾಗ ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಖಾಲಿ ಪರದೆ ನೋಡುತ್ತಾ ಕೂತಿದ್ದಳು.

“ಯಾಕ ಸುಮ್ಮ ಕುಂತೀ? ಏನರೆ ಮಾಡು.”

“ತಪ್ಪಾದ್ರ?”

“ಆದ್ರ ಆಗ್ತದ. ಅದೇನು ಕಚ್ತದೇನು?”

“ಬ್ಯಾಡ ಬಿಡಮ್ಮಾ. ನಾಕು ಬುರ್ರ ಲೇದಮ್ಮಾ.” ನನಗೆ ತಲೆಯಿಲ್ಲ ಅಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ಮಳೆ ಬರುವುದಿಲ್ಲ ಬಿಡು ಅನ್ನುವ ಹಾಗೆ ಹೇಳಿದಳು.

ಸಾಸಿವೆ ಅಲ್ಲೇ ಬಿಟ್ಟು ಕೆಳಗಿಳಿದು ಹೋಗಿ ಬಾವನ ಎದುರು ನಿಂತೆ. ಆ ಮನೆಯ ಸೊಸೆಯರು ಬಾವಗಾರಿನ ಎದುರು ಹಾಗೆ ನಿಲ್ಲುವುದಿಲ್ಲ.

“ಬಾವಾ, ಅವಳನ್ನು ದಿನಾ ಮಶೀನಿನ ಮುಂದೆ ಬಿಡಿ. ತಪ್ಪಾದರೆ ಮಶೀನೇ ಹೇಳುತ್ತದೆ, ತಿದ್ದಿಕೊಳ್ಳುತ್ತಾಳೆ.”

“ಮಶೀನ್ ಹೇಳುವ ಮೊದಲು ನಮಗೇ ಗೊತ್ತಿರಬೇಕಮ್ಮಾ. ಪುನಾದಿ ಗಟ್ಟಿಗಾ ಉಂಡಾಲಿ.”

“ಬುನಾದಿ ಗಟ್ಟಿ ಮಾಡುವ ಭರದಲ್ಲಿ ಹುಡುಗಿ ಕುಸಿದು ಕೂತಿದ್ದಾಳೆ. ಪೈಥಾನ್ ಹಾಕೋಣ. ಮೊದಲ ದಿನವೇ ಏನಾದರೊಂದು ಓಡುತ್ತದೆ, ಅವಳಿಗೂ ಧೈರ್ಯ ಬರುತ್ತದೆ.”

“ಪರೀಕ್ಷೆಯಲ್ಲಿ ಪೈಥಾನ್ ಕೇಳುವುದಿಲ್ಲ.”

ಅಷ್ಟೇ. ಎಲ್ಲ ಮಾತಿಗೂ ಕೊನೆಗೆ ಆ ಪರೀಕ್ಷೆಯ ಬಾಗಿಲು ಹಾಕಿಬಿಡುತ್ತಿದ್ದರು. ಪ್ರಸಾದ್‌ಗೆ ಫೋನ್ ಮಾಡಿದರೆ “ಇನ್ನೆಷ್ಟು ದಿನ, ಪರೀಕ್ಷೆವರೆಗೆ ಸುಮ್ಮನಿರು, ಅಣ್ಣನಿಗೆ ಬೇಜಾರಾಗುತ್ತೆ” ಎಂದರು. ಅಣ್ಣನಿಗೆ ಬೇಜಾರಾಗಬಾರದು, ಮಗಳಿಗೆ ಆದರೆ ನಡೆಯುತ್ತದೆ. ಆ ಮಧ್ಯಾಹ್ನ ನಾನು ಮತ್ತೆ ಮಾಳಿಗೆಗೆ ಹೋಗಿ ಸಾಸಿವೆ ತಂದು, ಬೀಸುವ ಕಲ್ಲಿಗೆ ಹಾಕಿ ಮನಸೋಇಚ್ಛೆ ಬೀಸಿದೆ. ಮಿಕ್ಸರ್ ಇತ್ತು. ನನಗೆ ಕಲ್ಲೇ ಬೇಕಿತ್ತು.

ಆವಕಾಯದ ದಿನ ಮಕ್ಕಳಿಗೆ ಪಾಠಕ್ಕೆ ರಜೆ. ಅಂಗಳದಲ್ಲಿ ಮಾವಿನಕಾಯಿ ತೊಳೆದು, ಒರೆಸಿ, ಓಟೆಸಮೇತ ಹೋಳು ಮಾಡಿ, ಮತ್ತೆ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸುವುದು. ಒಂದು ಹನಿ ನೀರು ಸೇರಿದರೂ ವರ್ಷದ ಉಪ್ಪಿನಕಾಯಿ ಹಾಳು. ಅತ್ತೆ ದೂರದ ಬಾಗಿಲಲ್ಲಿ ಕಪ್ಪು ಕನ್ನಡಕದೊಳಗಿಂದ ಎಲ್ಲ ನೋಡುತ್ತಿದ್ದರು. ಸಾಸಿವೆ ಪುಡಿ, ಖಾರದ ಪುಡಿ, ಎಳ್ಳೆಣ್ಣೆ ನನ್ನ ಪಾಲಿಗೆ. ಉಪ್ಪು ಅಳೆಯುವ ಕೆಲಸ ಸಾಹಿತಿಗೆ. ಅವಳು ಅಳತೆಯ ಬಟ್ಟಲು ತುಂಬಿ, ಮೇಲೆ ಸ್ಕೇಲ್ ಎಳೆದು, ಒಂದು ಹರಳೂ ಹೆಚ್ಚಾಗದಂತೆ ಸಪಾಟು ಮಾಡಿ ಸುರಿಯುತ್ತಿದ್ದಳು. ಆ ವಯಸ್ಸಿನ ಮಕ್ಕಳು ಅಷ್ಟು ಜೋಪಾನವಾಗಿ ಕೆಲಸ ಮಾಡುವುದನ್ನು ನೋಡಿದರೆ ಯಾರಿಗಾದರೂ ಸಂತೋಷವಾಗಬೇಕು. ನನಗೆ ಸಂಕಟವಾಯಿತು. ಎಲ್ಲ ಕಲಸಿ, ಜಾಡಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೂಲೆಗೆ ಇಟ್ಟೆವು. ಮೂರನೆಯ ದಿನದವರೆಗೆ ಯಾರೂ ಮುಟ್ಟಬಾರದು. ಹಾಕಿದ ದಿನವೇ ಒಂದು, ಅಲ್ಲಿಂದ ಎಣಿಸಿ ಮೂರನೆಯ ದಿನ ತೆರೆದು ಕಲಸುವುದು ಅಲ್ಲಿಯ ಪದ್ಧತಿ.

ಮೂರನೆಯ ದಿನ ಬಟ್ಟೆ ಬಿಚ್ಚಿದಾಗ ಎಣ್ಣೆ ಮೇಲೆ ತೇಲಿ ಬಂದಿತ್ತು. ಸಾಸಿವೆಯ ಘಾಟು ಮನೆಯೆಲ್ಲ ತುಂಬಿ ಕೂಲರಿನ ವಾಸನೆಯನ್ನೂ ಹಿಂದೆ ಹಾಕಿತು. ನಾನು ಒಣಗಿದ ಮರದ ಸೌಟಿನಿಂದ ತಳದಿಂದ ಮೇಲೆ ತಿರುವಿ ಕಲಸಿದೆ. ಅತ್ತೆ ಒಂದು ಹೋಳು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು. “ಉಪ್ಪು ತಕ್ಕುವಯ್ಯಿಂದಿ.” ಉಪ್ಪು ಕಡಿಮೆಯಾಗಿದೆ.

ಸಾಹಿತಿಯ ಮುಖ ಬಿಳಿಚಿಕೊಂಡಿತು. “ನಾನೇ ನಾಯನಮ್ಮಾ, ನಾನೇ ಹಾಕಿದ್ದು. ಸ್ಕೇಲ್ ಇಟ್ಟು ಹಾಕಿದೆ. ನಾನೇ ತಪ್ಪು ಮಾಡಿದೆ” ಎಂದು ಅಜ್ಜಿಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಎರಡು ವಾರ ತಡೆದಿಟ್ಟುಕೊಂಡದ್ದೆಲ್ಲ ಒಂದೇ ಸಲ ಹೊರಗೆ ಬಂತು. ಅತ್ತೆಯ ಬಟ್ಟಲು ಯಾವತ್ತೂ ಗೋಪುರದಂತೆ ತುಂಬಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅತ್ತೆ ಕನ್ನಡಕ ತೆಗೆದು ಮೊಮ್ಮಗಳನ್ನು ನೋಡಿದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ತಪ್ಪೇನೇ ಇದರಲ್ಲಿ? ಕಡಿಮೆಯಾದರೆ ಹಾಕುತ್ತೇವೆ. ಮತ್ತೆ ಮೂಡೋ ರೋಜು ಉನ್ನದೆಂದುಕೇ?” ಮೂರನೆಯ ದಿನ ಇರುವುದಾದರೂ ಯಾಕೆ ಎಂದರು. “ನಾನು ಈ ಮನೆಗೆ ಬಂದಾಗಿನಿಂದ ಒಂದು ವರ್ಷವಾದರೂ ಮೊದಲ ದಿನವೇ ಸರಿಯಾಗಿದೆಯೇ? ತಾ, ಇನ್ನೊಂದು ಹಿಡಿ ಉಪ್ಪು ತಾ.”

ಸಾಹಿತಿ ಮೂಗೊರೆಸಿಕೊಂಡು ಉಪ್ಪು ತಂದಳು. ಹಾಕಿದೆವು, ಕಲಸಿದೆವು, ರುಚಿ ನೋಡಿದೆವು, ಇನ್ನಷ್ಟು ಹಾಕಿದೆವು. ಆಮೇಲೆ ಕಲಸಿದ ಪಾತ್ರೆಗೆ ಬಿಸಿ ಅನ್ನ, ತುಪ್ಪ ಸುರಿದು ಅತ್ತೆ ತಾವೇ ಉಂಡೆ ಮಾಡಿ ಎಲ್ಲರ ಕೈಗೆ ಹಾಕಿದರು. ಅದೂ ಪದ್ಧತಿಯೇ. ಬಾವನೂ ಮೇಲಿನಿಂದ ಇಳಿದು ಬಂದು ಕೈ ಚಾಚಿದರು. ತಿಂದು, “ಅದ್ಭುತ” ಎಂದು ತಲೆಯಾಡಿಸಿದರು.

ಆಗ ಸಾಹಿತಿ ಕೇಳಿದಳು. ತಲೆ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

“ಪೆದ್ದನಾನ್ನಾ, ನಿಮ್ಮ ಕ್ಲಾಸಲ್ಲಿ ಮೂರನೇ ದಿನ ಯಾವಾಗ ಬರುತ್ತೆ?”

ಬಾವನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿ, ನಗುವ ಪ್ರಯತ್ನ ಮಾಡಿದರು. “ಪರೀಕ್ಷೆಯಲ್ಲಿ ಮೂರನೇ ದಿನ ಇರುವುದಿಲ್ಲಮ್ಮಾ. ಮೊದಲ ದಿನವೇ ಸರಿ ಇರಬೇಕು.”

“ಹಾಗಾದರೆ ಆ ಪರೀಕ್ಷೆ ನಮಗೆ ಬೇಡ” ಎಂದೆ ನಾನು.

ಹೇಳಿದ್ದು ನಾನೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ. ಆದರೆ ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಪರೀಕ್ಷೆ ಬೇಡ, ಹಾಸ್ಟೆಲ್ ಬೇಡ, ಫೌಂಡೇಶನ್ ಬೇಡ, ನನ್ನ ಮಗಳು ಗಾಜುವಾಕದ ತನ್ನ ಶಾಲೆಯಲ್ಲೇ ಎಂಟನೇ ಕ್ಲಾಸು ಓದುತ್ತಾಳೆ, ನಾಳಿದ್ದಿನ ಗಾಡಿಗೆ ನಾವು ಹೊರಡುತ್ತೇವೆ ಎಂದೆ. ನನ್ನ ಲ್ಯಾಬಿನಲ್ಲಿ ಒಂದೇ ಸಲ ನೋಡಿದ ಫಲಿತಾಂಶವನ್ನು ಯಾರೂ ನಂಬುವುದಿಲ್ಲ ಬಾವಾ, ಮತ್ತೆ ಮಾಡಿ ನೋಡು ಅಂತಾರೆ, ಅಷ್ಟು ದೊಡ್ಡವರಿಗೇ ಮತ್ತೆ ಮತ್ತೆ ಅವಕಾಶ ಇರುವಾಗ ಈ ಕೂಸಿಗೆ ಯಾಕಿಲ್ಲ ಎಂದೂ ಕೇಳಿದೆ. ದನಿ ಏರಿತ್ತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ತೆರೆಯಲಿ ಎಂದೇ ಇನ್ನೂ ಒಂದು ಮಾತು ಜಾಸ್ತಿ ಹೇಳಿದೆ.

ಬಾವ ಕೈ ತೊಳೆದುಕೊಂಡು ಮೇಲೆ ಹೋದರು. ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲಿನ ಸೆಮಿಕೋಲನ್ನುಗಳು ಎಂದಿಗಿಂತ ಜೋರಾಗಿದ್ದವು. ಒಂದೊಂದು ಚಪ್ಪಾಳೆಯೂ ನನಗೇ ಬಿದ್ದಂತೆ ಕೇಳಿಸುತ್ತಿತ್ತು. ಅತ್ತೆ ನನ್ನೊಡನೆ ಮಾತು ಬಿಟ್ಟರು. ದೊಡ್ಡ ಮಗನ ಎದುರು ಸೊಸೆ ದನಿ ಎತ್ತಿದ್ದನ್ನು ಅವರು ಒಪ್ಪುವವರಲ್ಲ. ಆದರೂ ಹೊರಡುವಾಗ ನಮ್ಮ ಪಾಲಿನ ಜಾಡಿಯನ್ನು ತಾವೇ ಕೂತು ತುಂಬಿಸಿ, ಬಟ್ಟೆ ಕಟ್ಟಿಸಿ, ಸಾಹಿತಿಯ ಮೂಲಕ ನನಗೆ ಅಪ್ಪಣೆ ಕಳಿಸಿದರು. “ನಿಮ್ಮಮ್ಮನಿಗೆ ಹೇಳು, ರೈಲಿನಲ್ಲಿ ಜಾಡಿ ಅಡ್ಡ ಹಾಕಬಾರದು.” ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ.

ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಪ್ರಸಾದ್ ಜಾಡಿ ಕೈಗೆ ತೆಗೆದುಕೊಂಡರು, ಮುಖ ಕೊಡಲಿಲ್ಲ. ಆಟೋದಲ್ಲಿ ಕೂತ ಮೇಲೆ ಹೇಳಿದರು. “ಪರೀಕ್ಷೆಯಾದರೂ ಬರೆಸಬಹುದಿತ್ತು.”

“ಬರೆದು ಪಾಸಾಗಿಬಿಟ್ಟಿದ್ದರೆ?”

“ಪಾಸಾದರೆ ಒಳ್ಳೆಯದೇ ಅಲ್ಲವಾ?”

“ಅದೇ ನನ್ನ ಹೆದರಿಕೆ” ಎಂದೆ. ಸಿಗ್ನಲ್ಲಿನಲ್ಲಿ ನಮ್ಮ ಆಟೋ ನಿಲ್ಲಲಿಲ್ಲ. ಸಾಹಿತಿ ಮೆಲ್ಲಗೆ “ಎಮ್ಮೆ ಬರ್ತದ ನೋಡು” ಅಂದಳು. ಪ್ರಸಾದ್‌ಗೆ ನಗು ತಡೆಯಲಾಗಲಿಲ್ಲ.

ಇಷ್ಟೆಲ್ಲ ಹೋರಾಡಿ ಗೆದ್ದು ಬಂದವಳು ನಾನು. ಮರುದಿನವೇ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಹಾಕಿ, ಮಗಳನ್ನು ಕೂರಿಸಿದೆ. ಅವಳು ಮರ್ಯಾದೆಗೆ ನಾಲ್ಕು ಸಾಲು ಬರೆದಳು. ಪರದೆ ಮೇಲೆ ಅವಳ ಹೆಸರು ಬಂತು. “ಛಲೋ ಅದ” ಎಂದಳು, ಯಾರೋ ತೋರಿಸಿದ ಸೀರೆಗೆ ಹೇಳುವ ಹಾಗೆ. ಆಮೇಲೆ ಕೇಳಿದಳು.

“ಅಮ್ಮಾ, ಇದನ್ನ ನಾಯನಮ್ಮನ ಫೋನಿಗೆ ಹೆಂಗ ಕಳಸೂದು?”

“ಅದು ಸ್ವಲ್ಪ ಕಷ್ಟ. ಆಮ್ಯಾಲೆ ಕಲೀಬಹುದು.”

ಅವಳು ಎರಡು ದಿನ ಏನೋ ಹುಡುಕಾಡಿ, ನನ್ನ ಮುಂದೆ ಬಂದು ನಿಂತಳು. ತನಗೆ ಜಾವಾಸ್ಕ್ರಿಪ್ಟ್ ಬೇಕು. ಅದು ಬ್ರೌಸರ್ ಇದ್ದಲ್ಲೆಲ್ಲ ಓಡುತ್ತದೆ, ಲಿಂಕ್ ಕಳಿಸಿದರೆ ಸಾಕು, ನಾಯನಮ್ಮನ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ಆ ಭಾಷೆಯ ಬಗ್ಗೆ ನನ್ನ ಆಫೀಸಿನವರು ಆಡುವ ಮಾತೆಲ್ಲ ನನಗೆ ಗೊತ್ತಿತ್ತು. ಅಡ್ಡಾದಿಡ್ಡಿ ಭಾಷೆ, ಶಿಸ್ತಿಲ್ಲ, ಮೊದಲು ಕಲಿತರೆ ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ ಅಂತ.

“ಮೊದಲ ಪೈಥಾನ್ ಗಟ್ಟಿ ಮಾಡ್ಕೋ ಸಾಹಿತಿ, ಬುನಾದಿ...”

“ಪೆದ್ದನಾನ್ನನೂ ಹಿಂಗ ಅಂತಿದ್ರು.”

ನನಗೆ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಯಾರಿಗಾಗಿ ಅಷ್ಟು ಜಗಳವಾಡಿ ಬಂದೆನೋ ಅವಳೇ ನನ್ನನ್ನು ಎದುರು ಹಾಕಿಕೊಂಡಿದ್ದಳು. ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ತೊಳೆಯುತ್ತಾ ತೊಳೆಯುತ್ತಾ ಒಂದು ಮಾತು ಹೊಳೆಯಿತು. ಪಟಮಟದಲ್ಲಿ ಖಾಲಿ ಪರದೆಯ ಮುಂದೆ ಕೈಕಟ್ಟಿ ಕೂತಿದ್ದ ಹುಡುಗಿ ಈಗ ‘ನನಗೆ ಇದು ಬೇಕು’ ಅನ್ನುತ್ತಿದ್ದಾಳೆ. ಬೇಕು ಅನ್ನುವುದನ್ನು ಅವಳು ಮರೆತುಬಿಟ್ಟಾಳು ಎಂದಲ್ಲವೇ ನಾನು ಹೆದರಿದ್ದು? ಪೈಥಾನ್ ತನ್ನ ಪಾಡಿಗೆ ಇರಲಿ ಬಿಡು ಅಂದುಕೊಂಡೆ.

ಜೂನ್ ಬಂತು. ಬಂದರಿನ ಮೇಲಿನಿಂದ ಮೋಡ ಎದ್ದು ಗಾಜುವಾಕದ ಧೂಳೆಲ್ಲ ಒಂದೇ ಮಳೆಗೆ ಕೂತಿತು. ಶಾಲೆ ಶುರುವಾಯಿತು. ಸಾಹಿತಿ ಸಂಜೆ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತು ತನ್ನಷ್ಟಕ್ಕೇ ಬೈದುಕೊಳ್ಳುತ್ತಿದ್ದಳು, ಎದ್ದು ಓಡಾಡುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಕೊನೆಗೆ ಅಜ್ಜಿಗೊಂದು ಪುಟ ಮಾಡಿದಳು. ತೆರೆದರೆ ಒಂದು ಜಾಡಿಯ ಚಿತ್ರ. ಉಪ್ಪಿನಕಾಯಿ ಹಾಕಿದ ದಿನ ಯಾವುದೆಂದು ಒತ್ತಿದರೆ, ಮೂರನೆಯ ದಿನ ಬರುವವರೆಗೆ ‘ಇನ್ನೂ ಕೈ ಹಾಕಬೇಡಿ’ ಎಂದು ದೊಡ್ಡ ತೆಲುಗು ಅಕ್ಷರ, ಬಂದ ದಿನ ‘ಇಂದು ಕಲಸಿ’. ಆಪರೇಷನ್ ಆದ ಕಣ್ಣಿಗೆ ಕಾಣಲೆಂದು ಅಷ್ಟು ದೊಡ್ಡದು. ಕಾಲ ಮುಗಿಯುವ ಮುಂಚೆ ಅತ್ತೆ ಕೊನೆಯ ಮಾವಿನಕಾಯಿಯಲ್ಲಿ ಇನ್ನೊಂದು ಚಿಕ್ಕ ಜಾಡಿ ಹಾಕಿದ್ದರು. ಲಿಂಕ್ ಹೋಯಿತು.

ನಾಗವೇಣಿಗೆ ನಾನು ಇದಿಷ್ಟನ್ನೂ ಹೇಳಲಿಲ್ಲ. ಯಾವ ಭಾಷೆ ಅಂತ ಮಗನನ್ನೇ ಕೇಳು, ಅವನು ಮಾಡಿದ್ದು ಯಾರ ಕೈಗೆ ಹೋಗಬೇಕು ಅಂತ ಇಷ್ಟಪಡುತ್ತಾನೋ ಅದನ್ನೂ ಕೇಳು, ತಪ್ಪಾದರೆ ಆಗಲೇ ಹೇಳುವಂಥದ್ದು ಯಾವುದಾದರೂ ಆದೀತು ಅಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಕೂಲರಿನ ವಿಷಯ ಮಾತ್ರ ಹೇಳದೆ ಬಂದೆ. ವಾಸನೆ ಇನ್ನಷ್ಟು ದಿನ ಬರಲಿ.

ಮೂರು ವರ್ಷದ ಹಿಂದಿನ ಆ ಜೂನಿನಲ್ಲಿ ಒಂದು ಬುಧವಾರ ಬೆಳಿಗ್ಗೆ, ಸಾಹಿತಿ ಯೂನಿಫಾರ್ಮ್ ಹಾಕಿಕೊಂಡು ತಿಂಡಿ ತಿನ್ನುವಾಗ ಫೋನ್ ಬಂತು. ಸ್ಪೀಕರಿನಲ್ಲಿ ಅತ್ತೆಯ ದನಿ ಮನೆ ತುಂಬಿತು. ಸೋಮವಾರ ಹಾಕಿದ ಜಾಡಿ, ಇವತ್ತು ಮೂರನೇ ದಿನ, ಸೌಟು ಕೈಯಲ್ಲಿ ಹಿಡಿದು ಕೂತಿದ್ದೇನೆ, ಇದು ನೋಡಿದರೆ ‘ಇನ್ನೂ ಕೈ ಹಾಕಬೇಡಿ’ ಅನ್ನುತ್ತಿದೆ. “ನಾ ಜಾಡಿ ಮುಟ್ಟುಕೋಡಾನಿಕಿ ನೀ ಫೋನ್ ಪರ್ಮಿಷನ್ ಕಾವಾಲಾ?” ನನ್ನ ಜಾಡಿ ಮುಟ್ಟಲು ನಿನ್ನ ಫೋನಿನ ಅಪ್ಪಣೆ ಬೇಕಾ?

ನಾನು ಒಲೆಯ ಮುಂದಿನಿಂದ ಮಗಳ ಮುಖ ನೋಡಿದೆ. ತಪ್ಪಾಗಿತ್ತು, ಅದೂ ಎಲ್ಲರಿಗೂ ಕೇಳುವಂತೆ.

ಸಾಹಿತಿ ಹುಬ್ಬು ಗಂಟಿಕ್ಕಿ ಬೆರಳು ಮಡಚಿ ಎಣಿಸಿದಳು. ಸೋಮವಾರ, ಮಂಗಳವಾರ, ಬುಧವಾರ. ಆಮೇಲೆ ಹಣೆಗೆ ಹೊಡೆದುಕೊಂಡು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಎಮ್ಮೆ ಹಾರ್ನ್ ಹೊಡೆದಾಗ ನಗುತ್ತಿದ್ದಳಲ್ಲ, ಅದೇ ನಗು. “ಅಮ್ಮಾ! ನಾಯನಮ್ಮ ಹಾಕಿದ ದಿನಾನ ಒಂದು ಅಂತ ಎಣಿಸ್ತಾಳ! ನಾ ಅದನ್ನ ಬಿಟ್ಟು ಎಣಿಸೀನಿ! ತಪ್ಪು ಸಿಕ್ತು!” ತಿಂಡಿಯ ಕೈಯನ್ನು ಲಂಗಕ್ಕೇ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದು, ಏನನ್ನೋ ಒತ್ತಿ, ಫೋನಿಗೆ ಕೂಗಿದಳು. “ನಾಯನಮ್ಮಾ, ಆ ಪುಟ ಮುಚ್ಚಿ ಮತ್ತೆ ತೆರಿ!”

ಆ ಕಡೆ ಸ್ವಲ್ಪ ಹೊತ್ತು ಸೌಟು, ಬಳೆಗಳ ಸದ್ದು. “ಆಂ, ಈಗ ಸರಿಯಾಗಿ ಹೇಳುತ್ತಿದೆ” ಎಂದರು ಅತ್ತೆ, ದೊಡ್ಡ ಉಪಕಾರ ಮಾಡಿದವರ ಹಾಗೆ. ಅವರ ಹಿಂದಿನಿಂದ ಇನ್ನೊಂದು ದನಿ ಬಂತು. ಆ ಮೇ ಆದ ಮೇಲೆ ನಮ್ಮ ಮನೆಯವರೊಡನೆ ಒಂದು ಮಾತೂ ಆಡದಿದ್ದ ಬಾವನ ದನಿ. ಕೇಳಬಾರದೆಂದು ತಡೆದು ತಡೆದು, ತಡೆಯಲಾಗದೆ ಕೇಳಿದ ಹಾಗಿತ್ತು.

“ಸೆಮಿಕೋಲನ್ಲು ಪೆಟ್ಟಿಂದಾ ಅಡುಗಮ್ಮಾ.” ಸೆಮಿಕೋಲನ್ ಇಟ್ಟಿದ್ದಾಳಾ ಕೇಳು.

ಸಾಹಿತಿ ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು.

“ಒಕ್ಕಟಿ ಕೂಡಾ ಪೆಟ್ಟಲೇದು ಪೆದ್ದನಾನ್ನಾ!” ಒಂದೂ ಇಟ್ಟಿಲ್ಲ ದೊಡ್ಡಪ್ಪಾ, ಎಂದು ಕೂಗಿ, ಎರಡೂ ಕೈ ಎತ್ತಿ ಒಂದು ಚಪ್ಪಾಳೆ ತಟ್ಟಿದಳು. “ಅಯಿನಾ ಪನಿಚೇಸ್ತೋಂದಿ!”

ಆದರೂ ಕೆಲಸ ಮಾಡುತ್ತಿದೆ.